ಹುಲ್ಲು ಇದ್ದಷ್ಟು ದೂರ: 1630–32ರ ಬರಗಾಲದಲ್ಲಿ ಬಂಜಾರ ತಾಂಡಾ

1632ರಲ್ಲಿ ಪೀಟರ್ ಮಂಡಿ ಎಂಬ ಇಂಗ್ಲಿಷ್ ವ್ಯಾಪಾರಿ ಆಗ್ರಾದಿಂದ ಪಾಟ್ನಾಕ್ಕೆ ಹೊರಟಿದ್ದ. ದಾರಿಯಲ್ಲಿ ಒಂದು ಬೆಳಿಗ್ಗೆ ಅವನಿಗೆ ಬಂಜಾರರ, ಅಂದರೆ ನಾವು ಲಂಬಾಣಿಗಳು ಎನ್ನುವ ಜನರ, ತಾಂಡಾ ಎದುರಾಯಿತು. ತಾಂಡಾ ಅಂದರೆ ಆಗ ಎತ್ತಿನ ಮೇಲೆ ಸರಕು ಹೇರಿಕೊಂಡು ನಡೆಯುವ ಇಡೀ ಗುಂಪು. ಅದರಲ್ಲಿದ್ದ ಎತ್ತುಗಳು 14,000. ಎಲ್ಲದರ ಮೇಲೂ ಗೋಧಿ, ಅಕ್ಕಿ, ಬೇರೆ ಬೇರೆ ಕಾಳಿನ ಹೇರು. ಜೊತೆಯಲ್ಲೇ ಹೆಂಗಸರು, ಮಕ್ಕಳು, ಅಡುಗೆ ಪಾತ್ರೆ, ಇಡೀ ಸಂಸಾರ. ಮಂಡಿ ನೋಡಿದ್ದನ್ನೆಲ್ಲ ಕುಳಿತು ಬರೆದುಕೊಂಡ. ಒಂದು ತಾಂಡಾದಲ್ಲಿ 600ರಿಂದ 700 ಜನ ಇರಬಹುದು. ಎತ್ತುಗಳು ಅವರದೇ. ಕೆಲವೊಮ್ಮೆ ವ್ಯಾಪಾರಿಗಳ ಸರಕನ್ನು ಬಾಡಿಗೆಗೆ ಸಾಗಿಸುತ್ತಾರೆ, ಆದರೆ ಹೆಚ್ಚಾಗಿ ವ್ಯಾಪಾರಿಗಳೂ ಅವರೇ. ಅಗ್ಗ ಇರುವ ಕಡೆ ಧಾನ್ಯ ಕೊಂಡು, ತುಟ್ಟಿ ಇರುವ ಕಡೆ ಮಾರುತ್ತಾರೆ. ಅಲ್ಲಿಂದ ಲಾಭ ಬರುವ ಇನ್ನೇನನ್ನೋ ಹೇರಿಕೊಂಡು ಮತ್ತೆ ಹೊರಡುತ್ತಾರೆ. ದಿನಕ್ಕೆ ಆರೇಳು ಮೈಲಿಗಿಂತ ಜಾಸ್ತಿ ನಡೆಯುವುದಿಲ್ಲ, ಅದೂ ತಂಪು ಹೊತ್ತಿನಲ್ಲಿ ಮಾತ್ರ. ಹೇರು ಇಳಿಸಿದ ಮೇಲೆ ಎತ್ತುಗಳನ್ನು ಮೇಯಲು ಬಿಡುತ್ತಾರೆ. ಬಯಲು ಬೇಕಾದಷ್ಟಿದೆ, ಬೇಡ ಎನ್ನುವವರು ಯಾರೂ ಇಲ್ಲ.

ಈ ಪ್ರಕರಣದ ಕೀಲಿ ಆ ಕೊನೆಯ ಮಾತಿನಲ್ಲಿದೆ. ಮಧ್ಯಕಾಲದ ಚರಿತ್ರೆ ಓದುವಾಗ ನಾವು ರಾಜರು, ಕೋಟೆಗಳು, ದಂಡಯಾತ್ರೆಗಳ ಹಿಂದೆ ಹೋಗುತ್ತೇವೆ. ಆ ದಂಡಿಗೆ ಊಟ ಎಲ್ಲಿಂದ ಬಂತು ಅಂತ ಕೇಳುವುದೇ ಇಲ್ಲ. ಕೇಳಿದರೆ ಉತ್ತರ ಬಹಳ ಸಲ ಬಂಜಾರರ ಹತ್ತಿರ ಬಂದು ನಿಲ್ಲುತ್ತದೆ. ಬಂಜಾರರ ಬಲ ಎಲ್ಲಿತ್ತು ಅಂತ ಕೇಳಿದರೆ, ಅದು ದಾರಿಬದಿಯ ಹುಲ್ಲಿಗೆ ಬಂದು ನಿಲ್ಲುತ್ತದೆ. 1630ರಿಂದ 1632ರವರೆಗಿನ ದೊಡ್ಡ ಬರಗಾಲ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ. ಅದಕ್ಕೇ ಆ ಮೂರು ವರ್ಷಗಳನ್ನು ಆರಿಸಿಕೊಂಡಿದ್ದೇನೆ.

ತಾಂಡಾದ ಲೆಕ್ಕ

ಮೊದಲು ಆ 14,000 ಎತ್ತುಗಳ ಲೆಕ್ಕ ನೋಡೋಣ. ಮಂಡಿ ಪ್ರಕಾರ ಒಂದೊಂದು ಎತ್ತು ಸುಮಾರು 4 ಮಣ ಹೊರುತ್ತಿತ್ತು. ಇಂದಿನ ಅಳತೆಯಲ್ಲಿ 120 ಕಿಲೋ ಆಸುಪಾಸು. ಅಂದರೆ ಒಂದೇ ತಾಂಡಾದಲ್ಲಿ 1,600 ಟನ್‌ಗೂ ಮೇಲೆ ಧಾನ್ಯ. ಈಗಿನ 10 ಟನ್ ಲಾರಿಗಳಲ್ಲಿ ತುಂಬಿದರೆ 160ಕ್ಕೂ ಹೆಚ್ಚು ಲಾರಿ ಬೇಕು. ಒಬ್ಬರಿಗೆ ದಿನಕ್ಕೆ ಅರ್ಧ ಕಿಲೋ ಹಿಡಿದರೆ, ಒಂದು ಲಕ್ಷ ಜನ ಒಂದು ತಿಂಗಳು ಉಣ್ಣಬಹುದು.

ಇನ್ನು ಜನರ ಲೆಕ್ಕ. 700 ಜನ, 14,000 ಎತ್ತು. ತಲೆಗೆ 20 ಎತ್ತು ಬಿತ್ತು. ಆ 700ರಲ್ಲಿ ಮಕ್ಕಳು, ಮುದುಕರೂ ಸೇರಿದ್ದಾರೆ. ದುಡಿಯುವವರನ್ನು ಮಾತ್ರ ಎಣಿಸಿದರೆ ಒಬ್ಬೊಬ್ಬರ ಪಾಲಿಗೆ ಮೂವತ್ತು ನಲವತ್ತು ಎತ್ತು. ಬೆಳಿಗ್ಗೆ ಅಷ್ಟಕ್ಕೂ ಹೇರು ಏರಿಸಬೇಕು. ಒಂದೊಂದು ಎತ್ತಿನ ಬೆನ್ನಿನ ಎರಡೂ ಬದಿಗೆ ಗೋಣಿ ಸಮತೂಕದಲ್ಲಿ ಕೂರಬೇಕು. ಒಂದು ಕಡೆ ಜಗ್ಗಿದರೂ ಎತ್ತಿನ ಬೆನ್ನು ಹುಣ್ಣಾಗುತ್ತದೆ. ಹುಣ್ಣಾದ ಎತ್ತು ಹೇರಿಗೆ ಬರುವುದಿಲ್ಲ. ಮಧ್ಯಾಹ್ನದ ಬಿಸಿಲು ಏರುವ ಮೊದಲೇ ಅಷ್ಟನ್ನೂ ಇಳಿಸಬೇಕು, ನೀರು ತೋರಿಸಬೇಕು, ಮೇಯಲು ಬಿಡಬೇಕು, ಸಂಜೆ ಒಂದೂ ತಪ್ಪದಂತೆ ಕೂಡಿಹಾಕಬೇಕು. ಗೋಣಿ ಹೊಲಿಯುವುದು, ಹರಿದದ್ದನ್ನು ಸರಿಮಾಡುವುದು ಹೆಂಗಸರ ಕೈಗೆ ಬರುತ್ತಿತ್ತು. ಸಂದರ್ಭ ಬಂದರೆ ಅವರು ಗಂಡಸರ ಹಾಗೇ ಹೊಡೆದಾಟಕ್ಕೂ ಇಳಿಯುತ್ತಾರೆ ಅಂತ ಮಂಡಿ ಬರೆದಿದ್ದಾನೆ.

ರಾತ್ರಿ ಬೀಡು ಬಿಟ್ಟಾಗ ಇಳಿಸಿದ ಗೋಣಿಗಳನ್ನು ಒಂದರ ಮೇಲೊಂದು ಗೋಡೆಯಂತೆ ಜೋಡಿಸುತ್ತಿದ್ದರು. ಒಳಗೆ ಜನ, ಸುತ್ತ ದೊಡ್ಡ ದೊಡ್ಡ ನಾಯಿಗಳ ಕಾವಲು. ಎಲ್ಲಕ್ಕೂ ಮುಂದೆ ನಡೆಯುವ ಎತ್ತಿಗೆ ಕವಡೆ, ಗಂಟೆ ಕಟ್ಟಿ ಸಿಂಗರಿಸುತ್ತಿದ್ದರು. ಅದು ದೇವರಿಗೆ ಬಿಟ್ಟ ಎತ್ತು, ಅದರ ಮೇಲೆ ಹೇರು ಹಾಕುವಂತಿಲ್ಲ. ಎಲ್ಲಿ ಇಳಿಯಬೇಕು, ಯಾವ ದಾರಿ ಹಿಡಿಯಬೇಕು, ಜಗಳ ಬಂದರೆ ಯಾರ ಮಾತು ಕೊನೆ, ಇದೆಲ್ಲ ತಾಂಡಾದ ನಾಯಕನಿಗೆ ಬಿಟ್ಟದ್ದು. ಕೆಲವು ವರ್ಷಗಳ ನಂತರ ಬಂದ ಫ್ರೆಂಚ್ ವಜ್ರದ ವ್ಯಾಪಾರಿ ತಾವರ್ನಿಯೇ, ನಾಯಕ ಮುತ್ತಿನ ಸರ ಹಾಕಿಕೊಂಡು ರಾಜನ ಹಾಗೆ ಇರುತ್ತಾನೆ ಅಂತ ಹೇಳುತ್ತಾನೆ. ಇಕ್ಕಟ್ಟಾದ ದಾರಿಯಲ್ಲಿ ಇಂಥ ತಾಂಡಾ ಎದುರಾದರೆ, ಅದು ಪೂರ್ತಿ ದಾಟುವ ತನಕ ಎರಡು ಮೂರು ದಿನ ಕಾಯಬೇಕಾಗುತ್ತಿತ್ತಂತೆ. ಅವನ ಪ್ರಕಾರ ಬಂಜಾರರಲ್ಲಿ ನಾಲ್ಕು ಪಂಗಡ. ಒಂದು ಜೋಳ ಗೋಧಿಯಂಥ ಧಾನ್ಯದ್ದು, ಒಂದು ಅಕ್ಕಿಯದು, ಒಂದು ಬೇಳೆಕಾಳಿನದು, ಒಂದು ಉಪ್ಪಿನದು. ಇಷ್ಟು ಚೊಕ್ಕವಾದ ವಿಂಗಡಣೆ ಎಲ್ಲ ಕಡೆ ಇತ್ತು ಅಂತ ನನಗನ್ನಿಸುವುದಿಲ್ಲ. ಆದರೆ ಒಂದೊಂದು ಗುಂಪು ಒಂದೊಂದು ಸರಕಿನಲ್ಲಿ ಪಳಗಿತ್ತು ಅನ್ನುವುದು ನಂಬುವ ಮಾತೇ.

ಇದೆಲ್ಲ ಅಗ್ಗವಾಗಿ ಹೇಗೆ ನಡೆಯುತ್ತಿತ್ತು? ಗಾಡಿಗೆ ರಸ್ತೆ ಬೇಕು. ಒಂಟೆಗೆ, ಗಾಡಿಯ ಎತ್ತಿಗೆ ಮೇವು ಕೊಳ್ಳಬೇಕು. ಗಾಡಿ ಹೊಡೆಯುವವನಿಗೆ ಕೂಲಿ ಕೊಡಬೇಕು. ತಾಂಡಾಕ್ಕೆ ಇದ್ಯಾವುದರ ಖರ್ಚೂ ಇಲ್ಲ. ಹೇರೆತ್ತು ಕಾಡಿನ ಕಾಲುದಾರಿಯಲ್ಲೂ ನಡೆಯುತ್ತದೆ, ಘಟ್ಟವನ್ನೂ ಹತ್ತುತ್ತದೆ. ಕೂಲಿ ಇಲ್ಲ, ಏಕೆಂದರೆ ಮನೆಮಂದಿಯೇ ದುಡಿಯುವವರು. ಮೇವಿಗೆ ದುಡ್ಡಿಲ್ಲ, ಏಕೆಂದರೆ ದಾರಿಯುದ್ದಕ್ಕೂ ಹುಲ್ಲು ಪುಕ್ಕಟೆ. ದಿನಕ್ಕೆ ಹತ್ತು ಹನ್ನೊಂದು ಕಿಲೋಮೀಟರ್ ಮಾತ್ರ ನಡೆಯುತ್ತಿದ್ದದ್ದೂ ಇದಕ್ಕೇ. ಉಳಿದ ಹೊತ್ತು ಎತ್ತು ಮೇಯಬೇಕಲ್ವಾ! ಆ ನಿಧಾನದಿಂದಲೇ ಸಾಗಣೆಯ ಖರ್ಚು ಇಳಿಯುತ್ತಿತ್ತು. ಗೋಧಿ, ಅಕ್ಕಿ, ಉಪ್ಪಿನಂಥ ಕಡಿಮೆ ಬೆಲೆಯ, ಭಾರದ ಸರಕನ್ನು ನೂರಾರು ಮೈಲಿ ಸಾಗಿಸಿಯೂ ಲಾಭ ಉಳಿಯುತ್ತಿದ್ದುದು ಇದರಿಂದ.

ಅರಸರು ಮತ್ತು ತಾಂಡಾ

ಇದನ್ನು ದಿಲ್ಲಿಯವರು ಬಹಳ ಹಿಂದೆಯೇ ಅರಿತಿದ್ದರು. 1296ರಿಂದ 1316ರವರೆಗೆ ಆಳಿದ ಅಲಾವುದ್ದೀನ್ ಖಿಲ್ಜಿ ಗೋಧಿಯ ಧಾರಣೆಯನ್ನು ಮಣಕ್ಕೆ ಏಳೂವರೆ ಜಿತಾಲ್ (ಆ ಕಾಲದ ಸಣ್ಣ ನಾಣ್ಯ) ಅಂತ ಕಟ್ಟಿದ. ಧಾರಣೆ ಕಟ್ಟುವುದು ಸುಲಭ, ಆ ಧಾರಣೆಗೆ ಧಾನ್ಯ ತರುವವರು ಯಾರು? ಧಾನ್ಯ ಸಾಗಿಸುವವರ ಮುಖಂಡರನ್ನು ಹಿಡಿದು ತರಿಸಿದ. ಕೊರಳಿಗೆ ಸರಪಳಿ ಹಾಕಿಸಿ ಧಾನ್ಯದ ಪೇಟೆಯ ಅಧಿಕಾರಿ ಮಲಿಕ್ ಕಬೂಲನ ವಶಕ್ಕೆ ಕೊಟ್ಟ. ಒಬ್ಬರಿಗೊಬ್ಬರು ಜಾಮೀನು ನಿಲ್ಲುವ ತನಕ, ಹೆಂಡತಿ ಮಕ್ಕಳು ದನಕರುಗಳ ಸಮೇತ ಯಮುನಾ ದಂಡೆಯ ಹಳ್ಳಿಗಳಲ್ಲಿ ಬಂದು ನೆಲೆಸುವ ತನಕ ಬಿಡಲಿಲ್ಲ. ಇದನ್ನು ಬರೆದಿಟ್ಟವನು ಆ ಕಾಲದ ಇತಿಹಾಸಕಾರ ಬರನಿ. ನದಿಯ ದಂಡೆಯನ್ನೇ ಆರಿಸಿದ್ದು ಗಮನಿಸಬೇಕಾದ ವಿಷಯ. ಅಲ್ಲಿ ದಿಲ್ಲಿಯೂ ಹತ್ತಿರ, ನೀರೂ ಮೇವೂ ಹತ್ತಿರ.

ಜಹಾಂಗೀರ್ ಬೇರೆ ದಾರಿ ಹಿಡಿದ. 1622ರ ಸುಮಾರಿಗೆ ಕಂದಹಾರದ ಮೇಲೆ ದಂಡು ಕಳಿಸಬೇಕಾಗಿತ್ತು. ಮುಲ್ತಾನದಿಂದ ಆಚೆಗೆ ಧಾನ್ಯ ಸಿಗದ ಬರಡು ದಾರಿ. ಬಂಜಾರರಿಗೆ ಧೈರ್ಯ ಹೇಳಿ, ಹಣ ಕೊಟ್ಟು, ದಂಡಿನ ಜೊತೆ ಕರೆದೊಯ್ಯಬೇಕು ಅಂತ ತೀರ್ಮಾನಿಸಿದೆವು ಎಂದು ಅವನೇ ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಒಬ್ಬ ಸರಪಳಿ ಹಾಕಿದ, ಇನ್ನೊಬ್ಬ ದುಡ್ಡು ಕೊಟ್ಟ. ಇಬ್ಬರಿಗೂ ಬೇಕಾಗಿದ್ದವರು ಅದೇ ಜನ.

ಬರ ಬಿತ್ತು, ದಂಡೂ ಬಂತು

1630ರಲ್ಲಿ ಗುಜರಾತಿನಲ್ಲೂ ದಖ್ಖನ್ನಿನಲ್ಲೂ ಮಳೆ ಕೈಕೊಟ್ಟಿತು. ಅದೇ ವರ್ಷ ಶಹಜಹಾನ್ ದೊಡ್ಡ ದಂಡಿನೊಂದಿಗೆ ತಾಪಿ ನದಿಯ ದಂಡೆಯ ಬುರ್ಹಾನ್‌ಪುರಕ್ಕೆ ಬಂದು ಇಳಿದ. ದಖ್ಖನ್ನಿನ ಯುದ್ಧಗಳನ್ನು ಅಲ್ಲಿಂದಲೇ ನಡೆಸುವ ಯೋಚನೆ. 1632ರವರೆಗೂ ಅಲ್ಲೇ ಇದ್ದ. 1631ರ ಜೂನ್‌ನಲ್ಲಿ ಮುಮ್ತಾಜ್ ತೀರಿಕೊಂಡದ್ದೂ ಅದೇ ಊರಿನಲ್ಲಿ.

ಪೀಟರ್ ಮಂಡಿ 1630ರ ನವೆಂಬರ್‌ನಲ್ಲಿ ಸೂರತ್ ಬಿಟ್ಟು ಬುರ್ಹಾನ್‌ಪುರದ ದಾರಿಯಾಗಿ ಆಗ್ರಾಕ್ಕೆ ಹೊರಟ. ಪಾಟ್ನಾ ದಾರಿಯಲ್ಲಿ ಆ ದೊಡ್ಡ ತಾಂಡಾ ನೋಡುವುದಕ್ಕೆ ಎರಡು ವರ್ಷ ಮುಂಚೆ. ಸೂರತ್‌ನಿಂದ ಮುಂದೆ ಹೋದಂತೆ ದಾರಿಯುದ್ದಕ್ಕೂ ಹೆಣಗಳು. ಹಸಿದ ತಾಯಿ ತಂದೆ ಮಕ್ಕಳನ್ನೇ ಕೊಡಲು ನಿಂತಿದ್ದರು. ಬುರ್ಹಾನ್‌ಪುರಕ್ಕೆ ಬಂದರೆ ಪೇಟೆಯಲ್ಲಿ ಸಾಮಾನು ತುಂಬಿತ್ತು. ಬಾದಶಹನ ದಂಡಿಗಾಗಿ ನಾಲ್ಕೂ ಕಡೆಯಿಂದ ಧಾನ್ಯ ತರಿಸುತ್ತಿದ್ದರು. ಉತ್ತರದ ಮಾಳವದಲ್ಲಿ ಬೆಳೆ ಇತ್ತು. ಅಲ್ಲಿಂದ ದಕ್ಷಿಣಕ್ಕೆ ಹೊರಟ ಧಾನ್ಯ ಬುರ್ಹಾನ್‌ಪುರದಲ್ಲೇ ಇಳಿದುಬಿಡುತ್ತಿತ್ತು. ಆಚೆ ಸಾಯುತ್ತಿದ್ದ ಗುಜರಾತಿಗೆ ದಾಟುತ್ತಿರಲಿಲ್ಲ.

ಶಹಜಹಾನ್ ಏನೂ ಮಾಡಲಿಲ್ಲ ಅನ್ನುವಂತಿಲ್ಲ. ಬುರ್ಹಾನ್‌ಪುರ, ಅಹಮದಾಬಾದ್, ಸೂರತ್‌ಗಳಲ್ಲಿ ಗಂಜಿ ಕೇಂದ್ರ ತೆರೆಸಿದ. ಬುರ್ಹಾನ್‌ಪುರದಲ್ಲಿ ಪ್ರತಿ ಸೋಮವಾರ 5,000 ರೂಪಾಯಿಯಂತೆ 20 ವಾರ ಹಂಚಿದರು. ಅಹಮದಾಬಾದಿಗೆ 50,000 ರೂಪಾಯಿ ಹೋಯಿತು. ಕಂದಾಯದಲ್ಲೂ ದೊಡ್ಡ ಮೊತ್ತ ಬಿಟ್ಟರು. ಆದರೆ ಕೊಟ್ಟ ದುಡ್ಡಿಗೆ ಕೊಳ್ಳಲು ಅಲ್ಲಿ ಧಾನ್ಯ ಇರಬೇಕಲ್ಲ? ಧಾನ್ಯ ಇದ್ದದ್ದು ದಂಡಿನ ಪೇಟೆಯಲ್ಲಿ.

ಇಲ್ಲಿ ಬಂಜಾರರ ಮೇಲೆ ಬೆರಳು ತೋರಿಸುವುದು ಸುಲಭ. ಹಸಿದವರನ್ನು ಬಿಟ್ಟು ದಂಡಿಗೆ ಮಾರಿದರಲ್ಲ ಅಂತ ಯಾರಾದರೂ ಕೇಳಬಹುದು. ನನಗೆ ಇದು ಒಪ್ಪಿಗೆಯಿಲ್ಲ. ಮೊದಲನೆಯದಾಗಿ, ಬಾದಶಹನೇ ಧಾನ್ಯ ಎಳೆದುಕೊಳ್ಳುತ್ತಿದ್ದಾಗ ತಾಂಡಾದ ನಾಯಕನಿಗೆ ಬೇರೆ ದಾರಿ ಎಲ್ಲಿತ್ತು? ಎರಡನೆಯದು ಇನ್ನೂ ದೊಡ್ಡ ಕಾರಣ, ಮತ್ತು ಅದು ಕಣ್ಣಿಗೆ ಬೀಳುವುದು ಕಡಿಮೆ. ಬರದ ಸೀಮೆಯಲ್ಲಿ ಮನುಷ್ಯರಿಗೆ ಕಾಳು ಇಲ್ಲದ ಹಾಗೆಯೇ ಎತ್ತಿಗೆ ಹುಲ್ಲೂ ಇರುವುದಿಲ್ಲ, ನೀರೂ ಇರುವುದಿಲ್ಲ. ಮಾಳವದ ಉಜ್ಜಯಿನಿಯಿಂದ ಬುರ್ಹಾನ್‌ಪುರಕ್ಕೆ 200 ಕಿಲೋಮೀಟರ್‌ಗೂ ಜಾಸ್ತಿ. ತಾಂಡಾದ ನಡಿಗೆಯಲ್ಲಿ ಮೂರು ವಾರದ ದಾರಿ. ಅಲ್ಲಿಂದ ಸೂರತ್‌ಗೆ ಇನ್ನೂ ಒಂದು ತಿಂಗಳಿಗೂ ಜಾಸ್ತಿ. ಆ ಒಂದು ತಿಂಗಳು ಸಾವಿರಾರು ಎತ್ತುಗಳು ಏನು ತಿನ್ನಬೇಕು? ಮೇವನ್ನೂ ಎತ್ತಿನ ಮೇಲೇ ಹೇರಿಕೊಂಡು ಹೋದರೆ ಕಾಳಿಗೆ ಜಾಗವೇ ಉಳಿಯುವುದಿಲ್ಲ.

ಅಂದರೆ ಧಾನ್ಯ ಅತಿ ಹೆಚ್ಚು ಬೇಕಾದ ಕಡೆಗೇ ತಾಂಡಾ ಹೋಗಲಾರದು. ಹುಲ್ಲು ಇದ್ದಷ್ಟು ದೂರ ಮಾತ್ರ ಅದರ ಓಡಾಟ. ಮಳೆ ಬಿದ್ದ ವರ್ಷ ಒಂದು ಸೀಮೆಯ ಕೊರತೆಯನ್ನು ಇನ್ನೊಂದು ಸೀಮೆಯ ಬೆಳೆಯಿಂದ ತುಂಬುವ ಶಕ್ತಿ ಅದಕ್ಕಿತ್ತು. ಮಳೆ ಪೂರ್ತಿ ಕೈಬಿಟ್ಟ ವರ್ಷ ಆ ಶಕ್ತಿಯೂ ಬತ್ತುತ್ತಿತ್ತು. 1630ರ ಸಾವುನೋವಿಗೆ ಮಳೆ, ಯುದ್ಧ, ದಂಡಿನ ಹಸಿವು ಎಷ್ಟು ಕಾರಣವೋ ಈ ಮಿತಿಯೂ ಅಷ್ಟೇ ಕಾರಣ.

ವಿಜಯಪುರದ ಗೋಡೆಯ ಹೊರಗೆ

ಇದೇ ಮಿತಿ ಮೊಘಲರ ದಂಡಿಗೂ ತಟ್ಟಿತು, ಅದೂ ನಮ್ಮ ನೆಲದಲ್ಲಿ. 1631ರ ಕೊನೆಯಲ್ಲಿ ಶಹಜಹಾನ್ ತನ್ನ ಮಾವ, ಮುಮ್ತಾಜಳ ತಂದೆ ಆಸಫ್ ಖಾನನನ್ನು ವಿಜಯಪುರದ ಮೇಲೆ ಕಳಿಸಿದ. ಆಗ ಅಲ್ಲಿ ಮುಹಮ್ಮದ್ ಆದಿಲ್ ಶಾಹನ ಆಳ್ವಿಕೆ, ಗೋಲಗುಮ್ಮಟ ಕಟ್ಟಿಸಿದ ಅದೇ ಸುಲ್ತಾನ. ಮೊಘಲ್ ದಂಡು ಕೋಟೆಗೆ ಮುತ್ತಿಗೆ ಹಾಕಿತು. ಆದರೆ ಬರದಿಂದ ಸೀಮೆ ಮೊದಲೇ ಬರಿದಾಗಿತ್ತು. ಉಳಿದದ್ದನ್ನು ಆದಿಲ್ ಶಾಹಿಯವರು ಹಾಳುಮಾಡಿ, ಸುತ್ತಮುತ್ತ ಮೇವೂ ಸಿಗದಂತೆ ಮಾಡಿದ್ದರು. ದಂಡಿನ ಧಾನ್ಯ ಮುಗಿಯಿತು. ಹೊಸ ಧಾನ್ಯ ಬರಲಿಲ್ಲ. ಕೆಲವೇ ವಾರಗಳಲ್ಲಿ ಆಸಫ್ ಖಾನ್ ಮುತ್ತಿಗೆ ಕಿತ್ತು ರಾಯಬಾಗ, ಮೀರಜ್ ಕಡೆಗೆ ಸುಲಿಗೆ ಮಾಡುತ್ತ ಹೊರಟುಹೋದ. ಕೋಟೆಯ ಗೋಡೆ ಗಟ್ಟಿ ಇದ್ದದ್ದು ನಿಜ. ಆದರೆ ಅವನನ್ನು ವಾಪಸು ಕಳಿಸಿದ್ದು ಹಸಿವು.

ಆಸಫ್ ಖಾನನ ದಖ್ಖನ್ ದಂಡಯಾತ್ರೆಯ ಬಗ್ಗೆ ಬಂಜಾರರಲ್ಲಿ ಒಂದು ಕಥೆ ತಲೆಮಾರಿನಿಂದ ಉಳಿದುಬಂದಿದೆ. ಭಂಗಿ, ಜಂಗಿ ಎಂಬ ಇಬ್ಬರು ರಾಠೋಡ ನಾಯಕರು ಲಕ್ಷಕ್ಕೂ ಮೀರಿದ ಎತ್ತುಗಳೊಂದಿಗೆ ಅವನ ದಂಡಿನ ಜೊತೆ ಬಂದಿದ್ದರಂತೆ. ಎತ್ತುಗಳಿಗೆ ಮೇವು ನೀರು ಸಿಗುವುದಿಲ್ಲ, ನಾವು ಮುಂದೆ ಬರುವುದಿಲ್ಲ ಅಂತ ಅವರು ಹಟ ಹಿಡಿದಾಗ, ಆಸಫ್ ಖಾನ್ ಬಂಗಾರದ ಅಕ್ಷರದ ತಾಮ್ರಪಟ ಬರೆಸಿಕೊಟ್ಟನಂತೆ. ಅದರ ಸಾರ ಇಷ್ಟು: ಹರವಿಯ ನೀರು ನಿಮ್ಮದು, ಚಪ್ಪರದ ಹುಲ್ಲು ನಿಮ್ಮದು, ದಿನಕ್ಕೆ ಮೂರು ಕೊಲೆ ಮಾಫಿ, ಆಸಫನ ಕುದುರೆ ಎಲ್ಲಿರುತ್ತದೋ ಅಲ್ಲಿ ಭಂಗಿ ಜಂಗಿಯ ಎತ್ತೂ ಇರಬೇಕು.

ಇದನ್ನು ಅಕ್ಷರಶಃ ಚರಿತ್ರೆ ಅಂತ ತೆಗೆದುಕೊಳ್ಳುವುದು ಬೇಡ. ಆದರೆ ಸುಮ್ನೆ ಕಟ್ಟುಕಥೆ ಅಂತ ಬದಿಗಿಡುವುದೂ ತಪ್ಪು. ಬಾದಶಹನ ಮಾವನ ಹತ್ತಿರ ಆ ನಾಯಕರು ಬೇಡಿದ್ದೇನು ನೋಡಿ. ಜಹಗೀರಲ್ಲ, ಚಿನ್ನವಲ್ಲ, ಪದವಿಯಲ್ಲ. ನೀರು ಮತ್ತು ಹುಲ್ಲು. ಬೇರೆಲ್ಲೂ ಸಿಗದಿದ್ದರೆ ಮನೆಯ ಮೇಲಿನ ಹುಲ್ಲು, ಮನೆಯೊಳಗಿನ ಹರವಿಯ ನೀರು. ತಮ್ಮ ಬದುಕು ಯಾವುದರ ಮೇಲೆ ನಿಂತಿದೆ ಅನ್ನುವುದು ಆ ಜನಕ್ಕೆ ಚೆನ್ನಾಗಿ ಗೊತ್ತಿತ್ತು.

ಆ ಮಾತಿನ ಇನ್ನೊಂದು ಮುಖವನ್ನೂ ಹೇಳಬೇಕು. ಚಪ್ಪರದ ಹುಲ್ಲು ಕಿತ್ತರೆ ಅದು ಯಾರೋ ರೈತನ ಮನೆ. ಮಾಫಿ ಮಾಡಿದ ಆ ಮೂರು ಕೊಲೆಯಲ್ಲಿ ಸತ್ತವರು ಬಹುಶಃ ಊರಿನವರೇ. ದಂಡಿನ ಬೆನ್ನಿಗೆ ಬಂದ ತಾಂಡಾ ಎಂದರೆ ಹಳ್ಳಿಗಳಿಗೆ ಹೆದರಿಕೆ. ಯುದ್ಧವಿಲ್ಲದ ವರ್ಷಗಳಲ್ಲಿ ಮಾತ್ರ ನಂಟು ಬೇರೆಯೇ ಇತ್ತು. ಕರಾವಳಿಯ ಉಪ್ಪು ಘಟ್ಟ ಹತ್ತಿ ಒಳನಾಡಿನ ಹಳ್ಳಿಗೆ ಬರುತ್ತಿದ್ದದ್ದು ಹೇರೆತ್ತಿನ ಮೇಲೆಯೇ. ಹೆಚ್ಚಾದ ಬೆಳೆ ಮಾರಲು ರೈತನಿಗೆ ಮನೆ ಬಾಗಿಲಲ್ಲೇ ಗಿರಾಕಿ ಸಿಗುತ್ತಿದ್ದ. ಹೊಲದಲ್ಲಿ ಬೀಡು ಬಿಟ್ಟ ಮಂದೆಯಿಂದ ಗೊಬ್ಬರ ಸಿಗುತ್ತಿತ್ತು, ಉಳುಮೆಗೆ ಎತ್ತೂ ಸಿಗುತ್ತಿತ್ತು. ನೆಲೆನಿಂತವರು, ಅಲೆಯುವವರು ಅಂತ ಎರಡು ಬೇರೆ ಲೋಕ ಇರಲಿಲ್ಲ. ಒಬ್ಬರ ಒಲೆ ಉರಿಯಲು ಇನ್ನೊಬ್ಬರು ಬೇಕಿತ್ತು.

ಆಮೇಲೆ ಆದದ್ದು

ಈ ಅವಲಂಬನೆ ಇನ್ನೂ 150 ವರ್ಷಕ್ಕೂ ಜಾಸ್ತಿ ನಡೆಯಿತು. 1685ರಲ್ಲಿ ಔರಂಗಜೇಬನ ದಂಡು ವಿಜಯಪುರಕ್ಕೆ ಮುತ್ತಿಗೆ ಹಾಕಿದಾಗ ಅದೇ ಹಸಿವು ಮತ್ತೆ ಬಂತು. ಅವನ ಸೇನಾಪತಿ ಫಿರೋಜ್ ಜಂಗ್ ಧಾನ್ಯ ತಂದು ಮುಟ್ಟಿಸಿದ್ದರಿಂದ ದಂಡು ಉಳಿಯಿತು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಕೋಟೆ ಬಿತ್ತು. 1791ರ ಮೇ ತಿಂಗಳಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಟಿಪ್ಪುವಿನ ಮೇಲೆ ದಂಡೆತ್ತಿ ಶ್ರೀರಂಗಪಟ್ಟಣದ ಹತ್ತಿರದವರೆಗೂ ಬಂದ. ಎತ್ತುಗಳು ಸತ್ತು, ಧಾನ್ಯ ಮುಗಿದು, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ಹಿಂದಿರುಗಿದ. ಮರುವರ್ಷದ ದಂಡಯಾತ್ರೆಗೆ ಬಂಜಾರರ ಎತ್ತುಗಳನ್ನು ಕೂಡಿಸಿಕೊಂಡೇ ಬಂದ. ಕಂಪನಿ ಸರ್ಕಾರ ಈ ಸೀಮೆಯಲ್ಲಿ ಬೇರೂರಲು ಬಂಜಾರರ ಹೇರೆತ್ತು ಎಷ್ಟು ನೆರವಾಯಿತು ಅನ್ನುವುದನ್ನು ನಮ್ಮ ಪಠ್ಯಪುಸ್ತಕಗಳು ಒಂದು ಸಾಲಿನಲ್ಲಾದರೂ ಹೇಳಬೇಕಿತ್ತು.

ಅದೇ ಸರ್ಕಾರ ಸ್ಥಿರವಾದ ಮೇಲೆ ಇವರನ್ನು ಅನುಮಾನದಿಂದ ನೋಡತೊಡಗಿತು. 1853ರಲ್ಲಿ ಮುಂಬಯಿಯಿಂದ ಠಾಣೆಗೆ ರೈಲು ಓಡಿತು. ಮುಂದಿನ ದಶಕಗಳಲ್ಲಿ ಹಳಿ ದಖ್ಖನ್ನಿನ ಒಳಗೆ ಬಂತು. ತಾಂಡಾ ಕೆಡಲು ರೈಲು ಕಾರಣ ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಮಾತ್ರ ಸರಿ. ರೈಲು ಮುಟ್ಟದ ಊರುಗಳು ಇನ್ನೂ ಸಾವಿರಾರು ಇದ್ದವು, ಹೇರೆತ್ತಿಗೆ ಅಲ್ಲಿ ಕೆಲಸವಿತ್ತು. ಆದರೆ 1865, 1878ರ ಅರಣ್ಯ ಕಾಯ್ದೆಗಳಿಂದ ಕಾಡಿನ ಹುಲ್ಲು ಸರ್ಕಾರದ್ದಾಯಿತು. ಮೇಯಿಸಲು ಕೇಳಬೇಕು, ದುಡ್ಡು ಕಟ್ಟಬೇಕು. ಉಳುಮೆ ಹಬ್ಬಿದಂತೆ ಬಯಲು, ಗೋಮಾಳ ಕುಗ್ಗಿದವು. ಬೇಡ ಎನ್ನುವವರು ಯಾರೂ ಇಲ್ಲ ಅಂತ ಮಂಡಿ ಬರೆದ ಕಡೆ ಈಗ ಫಾರೆಸ್ಟ್ ಗಾರ್ಡ್ ನಿಂತಿದ್ದ. ಮೇವಿಗೆ ದುಡ್ಡು ಕೊಡಬೇಕಾದ ದಿನ ತಾಂಡಾದ ಲೆಕ್ಕ ತಲೆಕೆಳಗಾಯಿತು. ಅದರ ನಡುವೆ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಬಂತು. ಬಂಜಾರರನ್ನೂ ಹಲವು ಕಡೆ ಆ ಪಟ್ಟಿಗೆ ಸೇರಿಸಿದರು. ಊರಿಂದೂರಿಗೆ ನಡೆಯುವುದೇ ಕಸುಬಾದವರಿಗೆ ನಡೆಯುವುದೇ ಅಪರಾಧದ ಗುರುತಾಯಿತು. ಆ ಕಾಯ್ದೆ ರದ್ದಾದದ್ದು 1952ರಲ್ಲಿ.

ಓಡಾಟ ನಿಂತಾಗ ತಾಂಡಾಗಳು ಎಲ್ಲಿದ್ದವೋ ಅಲ್ಲೇ ನಿಂತವು. ವಿಜಯಪುರ, ಕಲಬುರಗಿ, ಯಾದಗಿರಿ, ರಾಯಚೂರು, ಬಳ್ಳಾರಿ, ದಾವಣಗೆರೆ ಕಡೆ ಇವತ್ತು ಕಾಣುವ ಲಂಬಾಣಿ ತಾಂಡಾಗಳು ಹೆಚ್ಚಾಗಿ ಊರಿನಿಂದ ಒಂದಿಷ್ಟು ದೂರದಲ್ಲಿ, ಗುಡ್ಡದ ಬದಿಗೋ ಕಾಡಿನ ಅಂಚಿಗೋ ಇವೆ. ದನ ಮೇಯಿಸಲು ಅನುಕೂಲವಾದ ಜಾಗ ಅದು. ನಾಯಕ, ಕಾರಭಾರಿ ಎಂಬ ಪಟ್ಟಗಳು ತಾಂಡಾದಲ್ಲಿ ಈಗಲೂ ಇವೆ. ಎಲ್ಲಿ ನಿಂತರು ಅನ್ನುವುದರ ಮೇಲೆ ಸರ್ಕಾರದ ಕಾಗದದಲ್ಲಿ ಅವರ ಗುರುತೂ ಬದಲಾಯಿತು. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಗಡಿಯ ಆಚೆ ಈಚೆ ಬೀಗರು, ಮೂರು ಬೇರೆ ಬೇರೆ ಸರ್ಟಿಫಿಕೇಟು.

ನಿಂತ ಮೇಲೂ ನಿಂತ ನೆಲ ಅವರದಾಗಿರಲಿಲ್ಲ. ಬಹಳಷ್ಟು ತಾಂಡಾಗಳು ಕಂದಾಯ ದಾಖಲೆಯಲ್ಲಿ ಗ್ರಾಮವೇ ಆಗಿರಲಿಲ್ಲ. ಮನೆ ಇತ್ತು, ಮನೆಯ ಕಾಗದವಿರಲಿಲ್ಲ. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ನಡೆದ ಕಾರ್ಯಕ್ರಮದಲ್ಲಿ ಸುಮಾರು 50,000 ಹಕ್ಕುಪತ್ರ ಹಂಚಿದರು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳಲ್ಲಿ ಹೊಸದಾಗಿ ಕಂದಾಯ ಗ್ರಾಮವೆಂದು ಘೋಷಿಸಿದ ತಾಂಡಾ, ಹಟ್ಟಿಗಳಿಗೆ ಸೇರಿದ ಪತ್ರಗಳು ಅವು. ಹಕ್ಕುಪತ್ರದಲ್ಲಿ ಬರುವುದು ಮನೆ ಮತ್ತು ನಿವೇಶನ. ದನ ಮೇಯುವ ಜಾಗದ ಪ್ರಶ್ನೆ ಪ್ರತಿ ತಾಲ್ಲೂಕಿನಲ್ಲೂ ಬೇರೆಯೇ ಫೈಲಿನಲ್ಲಿದೆ.